ನಾಲ್ಕನೇ ಜ್ವರ ಎದ್ದ ದಿನ

ಆರಕ್ಕೆ ಬಂದು ಎಣಿಕೆ ತಪ್ಪಿತು. ಐದಾದ ಮೇಲೆ ಆರು ಅಂದದ್ದು ನೆನಪಿದೆ, ಆರನೆಯ ಉಸಿರು ಹೊರಗೆ ಹೋಗುವಾಗ ಮೂಗಿನ ಕೆಳಗೆ ತುಸು ಬೆಚ್ಚಗಾದದ್ದೂ ನೆನಪಿದೆ. ಅಷ್ಟರಲ್ಲಿ, ಮೂಲೆಯಲ್ಲಿ ಒದ್ದೆ ಗೋಣಿ ಹೊದಿಸಿಟ್ಟಿದ್ದ ಹಿಪ್ಪುನೇರಳೆ ಸೊಪ್ಪು ಬಿಸಿಯೇರಿರಬಹುದು, ತಿರುವಿ ಹಾಕಬೇಕು ಎಂಬುದು ಬಂತು. ಅದರ ಬೆನ್ನಿಗೇ ಇವತ್ತು ಹುಳಗಳು ನಾಲ್ಕನೇ ಜ್ವರ ಮುಗಿಸಿ ಏಳುವ ದಿನ, ಎದ್ದ ಕೂಡಲೇ ಹಸಿವು ಹಸಿವು ಅನ್ನುತ್ತವೆ ಎಂಬುದು ಬಂತು. ಕದಿರಮ್ಮ ಕಣ್ಣು ತೆರೆಯಲಿಲ್ಲ. ಮತ್ತೆ ಒಂದು ಅಂದಳು. ತಪ್ಪಿದರೆ ಬಯ್ದುಕೊಳ್ಳಬೇಡಿ, ಸುಮ್ಮನೆ ಮತ್ತೆ ಒಂದರಿಂದ ಶುರುಮಾಡಿ ಎಂದು ಹೊಸೂರು ಆಸ್ಪತ್ರೆಯ ಕಾಂಪೌಂಡರ್ ನಂಜಪ್ಪ ಹೇಳಿದ್ದ. ಬಯ್ದುಕೊಳ್ಳದೆ ಇರುವುದು ಹೇಗೆಂದು ಹೇಳಿರಲಿಲ್ಲ. ಹುಳದ ಮನೆಯ ಹಿಂದಿನ ಈ ಸೊಪ್ಪಿನ ಕೊಟ್ಟಿಗೆಯಲ್ಲಿ, ಮೊಣಕಾಲೆತ್ತರದ ಮಣ್ಣು ಗೋಡೆಗೆ ಬೆನ್ನು ಕೊಟ್ಟು, ಹರಕು ಈಚಲು ಚಾಪೆಯ ಮೇಲೆ ಅವಳು ಹೀಗೆ ಕೂರುವುದಕ್ಕೆ ಶುರುಮಾಡಿ ಇಪ್ಪತ್ತು ದಿನವಾಗಿತ್ತು. ಬೆಳಗಿನ ಸೊಪ್ಪು ಬಿಡಿಸಿ ಆದ ಮೇಲೆ, ಹಾಕುವುದಕ್ಕೆ ಮುಂಚೆ. ಸೂರಿನ ಸಂದಿಯಿಂದ ಬಿದ್ದ ಬಿಸಿಲಿನ ಗೀಟು ಎದುರು ಗೋಡೆಯ ಬಿರುಕಿಗೆ ಬರುವವರೆಗೆ.

ಆಸ್ಪತ್ರೆಗೆ ಹೋದಾಗ ಸೇಲಂ ಕಡೆಯ ಡಾಕ್ಟರು ಅವಳ ಎದೆಗೆ ಕೊಳವೆ ಹಿಡಿದು, ನಾಲಿಗೆ ನೋಡಿ, ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿ, ತಮಿಳಿನಲ್ಲಿ ಏನೋ ಅಂದು ಕೈ ತೊಳೆದುಕೊಂಡಿದ್ದರು. ಮೈಗೆ ಏನೂ ಇಲ್ಲವಂತೆ ತಾಯಿ ಎಂದು ನಂಜಪ್ಪ ಕನ್ನಡ ಮಾಡಿ ಹೇಳಿದ. ಏನೂ ಇಲ್ಲ ಅಂದಾಗ ಅವಳಿಗೆ ನಾಚಿಕೆಯಾಯಿತು. ಸಾಲಿನಲ್ಲಿ ಹಿಂದೆ ನಿಂತವರು ಕೆಮ್ಮುವವರು, ಕಾಲಿಗೆ ಬಟ್ಟೆ ಸುತ್ತಿಕೊಂಡವರು. ತಾನು ಏನೂ ಇಲ್ಲದೆ ಎಂಟು ಮೈಲಿ ನಡೆದು ಬಂದವಳು. ಆದರೆ ಎದೆ ಡವಡವ ಅನ್ನುವುದು ನಿಜ, ಕೈ ನಡುಗಿ ಸೊಪ್ಪಿನ ಬುಟ್ಟಿ ಎರಡು ಸಲ ಕೆಳಗೆ ಬಿದ್ದದ್ದು ನಿಜ. ಮಾತ್ರೆ ಕೊಡಿ ಅಂದದ್ದಕ್ಕೆ, ಯುದ್ಧದ ಕಾಲ, ಇರೋ ಮಾತ್ರೆ ಜ್ವರದವರಿಗೇ ಸಾಲದು ಎಂದು ನಂಜಪ್ಪ ಅವಳನ್ನು ಹಿತ್ತಿಲ ಬೆಂಚಿಗೆ ಕರೆದುಕೊಂಡು ಹೋಗಿ, ತಾನೇ ಕೂತು, ಕಣ್ಣು ಮುಚ್ಚಿ ತೋರಿಸಿದ. ಗೊತ್ತಿಲ್ಲದ ಗಂಡಸು ಎದುರಿಗೆ ಕಣ್ಣು ಮುಚ್ಚಿ ಕೂತಿರುವುದನ್ನು ನೋಡಬಾರದೆಂದು ಅವಳು ಮೊದಲು ಬೇರೆ ಕಡೆ ನೋಡಿದಳು. ಆಮೇಲೆ ನೋಡಿದಳು. ಅವನ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಕೆನ್ನೆಯ ಮೇಲೆ ನೊಣ ಕೂತಿತ್ತು, ಅವನು ಅದನ್ನು ಓಡಿಸಲಿಲ್ಲ. ಕಣ್ಣು ಬಿಟ್ಟು ಹೇಳಿದ: "ಏನು ಬಂದ್ರೂ ಬರ್ಲಿ ತಾಯಿ. ಸಂತೆಗೆ ಹೋಗೋರು ರಸ್ತೇಲಿ ಹೋಯ್ತಾ ಇರ್ತಾರೆ, ನೀವು ಜಗಲಿ ಮೇಲೆ ಕೂತ್ಕಂಡು ನೋಡ್ತೀರಲ್ಲ, ಅಂಗೆ. ಯಾರ್ನೂ ಕೂಗಿ ಕರೀಬ್ಯಾಡಿ. ಯಾರ ಹಿಂದೇನೂ ಎದ್ದು ಹೋಗ್ಬ್ಯಾಡಿ."

ಅವಳ ಅತ್ತೆ ಮುನಿಗಂಗಮ್ಮನಿಗೆ ಇದು ನಗೆಯಾಗಿತ್ತು. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಮೇಲಕ್ಕೆತ್ತಿ, ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಕೂತು ಹಳೆಯ ಚರ್ಮ ಕಳಚಿಕೊಳ್ಳುತ್ತದೆ. ಅದಕ್ಕೇ ಜ್ವರ ಅನ್ನುವುದು. ನಮ್ಮನೇಲಿ ಹುಳ ಮಾತ್ರ ಅಲ್ಲ, ಸೊಸೇನೂ ಜ್ವರಕ್ಕೆ ಕೂತವ್ಳೆ, ಇವ್ಳ ಚರ್ಮ ಯಾವಾಗ ಕಳಚ್ತದೋ ನೋಡಾನ ಎಂದು ಮುದುಕಿ ನೀರಿಗೆ ಬಂದ ಹೆಂಗಸರಿಗೆಲ್ಲ ಹೇಳಿ ನಗಿಸಿದ್ದಳು. ಕದಿರಮ್ಮನೂ ನಕ್ಕಿದ್ದಳು. ಕೂತಾಗ ಅವಳಿಗೂ ಹುಳದ ನೆನಪೇ ಬರುತ್ತಿತ್ತು. ತಟ್ಟೆಯ ತುಂಬ ಸಾವಿರ ತಲೆ, ಎಲ್ಲವೂ ಸ್ವಲ್ಪ ಎತ್ತಿಕೊಂಡು, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಅವು ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದು ಗೊತ್ತು. ಒಂದು. ಎರಡು. ಮೂರು. ಅವ್ವ ಸೆರಗು ಹಿಡಿದುಕೊಂಡದ್ದು ಬಂತು.

ಅದು ದಿನವೂ ಬರುತ್ತಿತ್ತು. ಸಂಕ್ರಾಂತಿ ಮುಗಿದ ವಾರ ರಾಯಕೋಟೆ ಹತ್ತಿರದ ತವರಿಗೆ ಹೋಗಿದ್ದಳು. ಅವ್ವ ರಾಮಕ್ಕ ನಡುಮನೆಯಲ್ಲಿ ಮಲಗಿದಲ್ಲೇ ಆಗಿ ಮೂರು ತಿಂಗಳಾಗಿತ್ತು. ಒಂದು ಕಡೆಯ ಬಾಯಿ ಜೋಲಿತ್ತು, ಒಳಗೆ ಮೂತ್ರದ ವಾಸನೆ, ಅದರ ಮೇಲೆ ಸಾಂಬ್ರಾಣಿಯ ವಾಸನೆ. ತಮ್ಮ ಚಿನ್ನಸ್ವಾಮಿಯ ಹೆಂಡತಿ ಎಲ್ಲವನ್ನೂ ಮಾಡುತ್ತಿದ್ದಳು, ಮಾಡುತ್ತಿದ್ದೇನೆಂದು ತೋರಿಸದೆ ಮಾಡುತ್ತಿದ್ದಳು, ಅದಕ್ಕೇ ಅಲ್ಲಿ ಕೂರುವುದು ಕಷ್ಟವಾಗಿತ್ತು. ಹೊರಡುವಾಗ ಅವ್ವ ಒಳ್ಳೆಯ ಕೈಯಲ್ಲಿ ಸೆರಗಿನ ತುದಿ ಹಿಡಿದುಕೊಂಡು, ಎರಡು ರಾತ್ರಿ ಇದ್ದು ಹೋಗು ಅಂದಳು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಹುಳ ಅದೆ ಅವ್ವ, ಜ್ವರಕ್ಕೆ ಕೂತವೆ, ನಾನು ಹೋಗ್ದಿದ್ರೆ ಆಗಾಕಿಲ್ಲ ಎಂದು ಕದಿರಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಆಗ ಮನೆಯಲ್ಲಿ ಹುಳವಿರಲಿಲ್ಲ. ಹಿಂದಿನ ಬೆಳೆ ಮುಗಿದು, ತಟ್ಟೆಗಳನ್ನೆಲ್ಲ ಸಗಣಿ ಬಳಿದು ಬಿಸಿಲಿಗೆ ಒರಗಿಸಿ ಬಂದಿದ್ದಳು. ಮನೆಗೆ ಬಂದು ಖಾಲಿ ತಟ್ಟೆಗಳನ್ನು ನೋಡಿದಾಗ ಎದೆ ಮೊದಲ ಸಲ ಡವಡವ ಅಂದದ್ದು. ಇದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ, ಯಾವ ಮಗಳು ಸುಳ್ಳು ಹೇಳುವುದಿಲ್ಲ. ಈಗ ಸೆರಗು ಹಿಡಿದ ಕೈ ಬಂತು, ರಸ್ತೆಯಲ್ಲಿ ನಡೆಯಿತು, ಅವಳು ಜಗಲಿಯ ಮೇಲೆ ಕೂತು ನೋಡಿದಳು, ಅದು ಹೋಯಿತು. ಇಪ್ಪತ್ತು ದಿನದಲ್ಲಿ ಇಷ್ಟಾದರೂ ಬಂದಿತ್ತು. ಒಂದು. ಎರಡು.

"ಕದಿರಮ್ಮಾರೇ."

ಗೋಡೆಯ ಆಚೆಯಿಂದ ಬಂದ ದನಿ. ದಾಸಪ್ಪನದು ಎಂದು ತಿಳಿಯಿತು. ತವರಿನ ಊರಿನ ಸುದ್ದಿಯನ್ನೆಲ್ಲ ಊರೂರಿಗೆ ಮುಟ್ಟಿಸುವವನು ಅವನೇ, ಮದುವೆಯದು, ಸಾವಿನದು. ಹುಳ ಇರುವ ಮನೆಯ ಮುಂಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುತ್ತಾರೆ, ಹೊರಗಿನವರು ಆ ಕಡೆ ಬರಬಾರದೆಂದು. ಅದಕ್ಕೇ ಹಿತ್ತಿಲಿಗೆ ಸುತ್ತಿಕೊಂಡು ಬಂದಿದ್ದ. ಮೂರು ಅಂದಳು. ಯಾರನ್ನೂ ಕೂಗಿ ಕರೆಯಬಾರದು.

"ಅಮ್ಮಯ್ಯ, ನಿಮ್ಮವ್ವ ಹೋಗ್ಬುಟ್ರು. ಬೆಳಗಿನ ಜಾವ. ಹೊತ್ತು ಮುಳುಗಾಕೆ ಮುಂಚೆ ಮಣ್ಣು ಮಾಡ್ತಾರಂತೆ. ನೀವು ಬಂದು ಬಾಯಿಗೆ ಹಾಲು ಬಿಡೋ ಗಂಟ ಎತ್ತಾಕಿಲ್ಲ ಅಂತ ನಿಮ್ಮ ತಮ್ಮ ಯೋಳವ್ನೆ. ಮಧ್ಯಾಹ್ನದ ಬಸ್ಸಿಗೆ ಬಂದ್ಬುಡಿ."

ಹೂಂ ಅಂದಳು. ಅಂದದ್ದು ತನ್ನದೇ ದನಿಯೆಂದು ತಿಳಿಯಿತು, ಮೂಗಿನಿಂದ ಬಂದ ದನಿ, ಉಸಿರಿನ ಜೊತೆ. ನಾಲ್ಕು. ದಾಸಪ್ಪ ಸ್ವಲ್ಪ ಹೊತ್ತು ನಿಂತಿದ್ದ, ಅವನ ಕೋಲು ಗೋಡೆಗೆ ತಾಗಿದ ಸದ್ದಾಯಿತು. ಇನ್ನೂ ಸಾನಮಾವಿಗೆ ಹೋಗಬೇಕು, ಅಲ್ಲಿ ಚಿಕ್ಕಪ್ಪನ ಮನೆಯವರಿಗೂ ಹೇಳಬೇಕು ಅಂದ. ಐದು. ಹೆಜ್ಜೆ ದೂರವಾಯಿತು. ಅವನು ಹೇಳಿದ ಮಾತು ರಸ್ತೆಯಲ್ಲಿ ಹೋಗುತ್ತಿತ್ತು, ತಲೆಯ ಮೇಲೆ ಗಂಟು ಹೊತ್ತ ಹೆಂಗಸಿನ ಹಾಗೆ. ಮುಖ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಅವಳು ನೋಡುತ್ತಿದ್ದಳು. ಎದೆ ಡವಡವ ಅನ್ನಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಎದೆ ಇದೆ ಎಂಬುದೇ ತಿಳಿಯದ ಹಾಗೆ ಇತ್ತು. ಬಿಸಿಲಿನ ಗೀಟು ಬಿರುಕಿಗೆ ಬಂದಿರಬೇಕು ಅನ್ನಿಸಿ ಕಣ್ಣು ತೆರೆದಳು. ಬಂದಿತ್ತು. ಎದ್ದು, ಚಾಪೆ ಸುತ್ತಿ, ಗೋಣಿ ಸರಿಸಿ, ಸೊಪ್ಪನ್ನು ತಿರುವಿ ಬುಟ್ಟಿಗೆ ತುಂಬಿಕೊಂಡು, ತಲೆ ಬಗ್ಗಿಸಿ ಹುಳದ ಮನೆಯೊಳಗೆ ಹೋದಳು.

ಒಳಗೆ ಮಬ್ಬು. ಬಿದಿರು ತಟ್ಟೆಗಳು ಒಂದರ ಮೇಲೊಂದು ಹನ್ನೆರಡು. ಮೊದಲನೇ ತಟ್ಟೆಯ ಹುಳಗಳು ಎದ್ದಿದ್ದವು. ಹೊಸ ಚರ್ಮ ಸುಕ್ಕುಸುಕ್ಕಾಗಿ ಮೈಗೆ ದೊಡ್ಡದಾದ ಅಂಗಿಯ ಹಾಗಿತ್ತು, ಮೂತಿ ದಪ್ಪಗಾಗಿತ್ತು. ಸೊಪ್ಪು ಹರಡಿದಳು, ಕೈ ನಡುಗಲಿಲ್ಲ. ಅವು ಒಂದೊಂದೇ ಎಲೆಯ ಅಂಚಿಗೆ ಬಂದು ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸಿ ತಿನ್ನಲು ಶುರುಮಾಡಿದವು. ಎರಡನೇ ತಟ್ಟೆ. ಕಳಚಿದ ಚರ್ಮಗಳು ಅಲ್ಲಲ್ಲಿ, ಉಗುರಿನಷ್ಟು, ಕಂದು. ಮೂರನೇ ತಟ್ಟೆಯ ಮೇಲೆ ಎಲೆ ಹಿಡಿದ ಕೈ ನಿಂತಿತು. ನಿಮ್ಮವ್ವ ಹೋಗ್ಬುಟ್ರು. ಈಗ ಅದು ರಸ್ತೆಯಲ್ಲಿ ಇರಲಿಲ್ಲ, ಒಳಗೆ, ಇಲ್ಲಿ, ತಟ್ಟೆಯ ಪಕ್ಕದಲ್ಲಿ ನಿಂತಿತ್ತು. ಆದರೆ ಅವಳಿಗೆ ಮೊದಲು ಹೊಳೆದದ್ದು ಅವ್ವ ಅಲ್ಲ. ಮೊದಲು ಹೊಳೆದದ್ದು ತಾನು ಒಳಗೆ ಬಂದುಬಿಟ್ಟಿದ್ದೇನೆ ಎಂಬುದು.

ಸೂತಕ ಹಿಡಿಯುವುದು ಸತ್ತ ಗಳಿಗೆಯಿಂದಲ್ಲ, ಕಿವಿಗೆ ಬಿದ್ದ ಗಳಿಗೆಯಿಂದ. ಇದು ಈ ಕಡೆಯ ಮಕ್ಕಳಿಗೂ ಗೊತ್ತು. ಕಿವಿಗೆ ಬಿದ್ದ ಕೂಡಲೇ ನಿಂತ ಕಡೆಯೇ ನಿಲ್ಲಬೇಕು, ಯಾರಾದರೂ ತಂದು ತಲೆಯ ಮೇಲೆ ನೀರು ಹುಯ್ಯಬೇಕು, ಹೆಣ್ಣುಮಗಳಾದರೆ ಮೂರು ದಿನ ಹುಳದ ಮನೆಯ ಹೊಸಲು ಮುಟ್ಟಬಾರದು. ಹೋದ ವರ್ಷ ಕೆಳಗಿನ ಮನೆಯ ಮುನಿವೆಂಕಟಪ್ಪ ಅತ್ತಿಗೆ ಸತ್ತ ಸುದ್ದಿ ಗೊತ್ತಾದ ಮೇಲೂ ಒಂದು ಗಳಿಗೆ ಒಳಗೆ ಹೋಗಿ ಬಂದನೆಂದು, ಮೂರನೇ ದಿನಕ್ಕೆ ಹುಳವೆಲ್ಲ ಹಾಲುತೊಂಡೆ ಹಿಡಿದು, ಮೈ ಊದಿಕೊಂಡು, ಮುಟ್ಟಿದರೆ ಬಿಳಿ ನೀರು ಸೋರಿ ಸತ್ತವು. ತಟ್ಟೆ ತಟ್ಟೆಯೇ ತಿಪ್ಪೆಗೆ ಸುರಿದ. ಸುರಿಯುವಾಗ ಊರಿನವರು ನಿಂತು ನೋಡಿದರು, ಕದಿರಮ್ಮನೂ ನೋಡಿದಳು, ಒಂದು ಗಳಿಗೆ ತಡೆದುಕೊಳ್ಳಾಕೆ ಆಗ್ಲಿಲ್ವಾ ಇವ್ನಿಗೆ ಅಂದವರಲ್ಲಿ ಅವಳೂ ಒಬ್ಬಳು. ಈಗ ಎಲೆ ಹಿಡಿದ ಕೈ ಮೂರನೇ ತಟ್ಟೆಯ ಮೇಲಿತ್ತು. ಹುಳಗಳು ತಲೆ ಎತ್ತಿ ಹುಡುಕುತ್ತಿದ್ದವು. ಹೊರಗೆ ಓಡಿದರೆ ಎರಡು ತಟ್ಟೆ ಮುಟ್ಟಿದ್ದು ಮುಟ್ಟಿದ್ದೇ. ಈಗ ತಾನೇ ದಾಸಪ್ಪ ಬಂದಿದ್ದ ಅಂದರೆ, ದಾಸಪ್ಪನಿಗೆ ಗೊತ್ತು ಯಾವಾಗ ಬಂದನೆಂದು. ನಿಜ ಹೇಳಿದರೆ, ಕೇಳಿಸಿತು, ಕೇಳಿಸಿಕೊಂಡೇ ಸೊಪ್ಪು ತುಂಬಿಕೊಂಡು ಒಳಗೆ ಬಂದೆ ಎಂದು ಯಾವ ಬಾಯಿಂದ ಹೇಳುವುದು. ಕೇಳಿಸಿತು ಅನ್ನುವುದು ನಿಜವೋ, ಅದೂ ಗೊತ್ತಿಲ್ಲ. ಕೈಯಲ್ಲಿದ್ದ ಎಲೆಯನ್ನು ಕೆಳಗೆ ಬಿಟ್ಟಳು. ಅವು ತಿಂದವು. ನಾಲ್ಕನೇ ತಟ್ಟೆಗೂ ಹಾಕಿದಳು. ಹನ್ನೆರಡನೆಯದಕ್ಕೂ ಹಾಕಿ ಹೊರಗೆ ಬಂದಾಗ ಬುಟ್ಟಿ ಖಾಲಿಯಾಗಿತ್ತು, ಎಂದಿನಂತೆ ಅದನ್ನು ಕೊಡವಿ ಮೊಳೆಗೆ ನೇತು ಹಾಕಿದಳು.

ಮುನಿಗಂಗಮ್ಮ ಮನೆಯ ಮಗ್ಗುಲ ನೆರಳಿನಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಸುತ್ತಲೂ ಓಡು ಬಿದ್ದಿತ್ತು, ಕೈಯೆಲ್ಲ ಅಂಟು. ಎದ್ದೇನಮ್ಮೀ ಅಂದಳು, ತಲೆ ಎತ್ತದೆ. ಇವತ್ತಾದರೂ ಸ್ವಾಮಿ ಬಂದಿದ್ದನೋ, ಏನಾದರೂ ಕಾಣಿಸಿತೋ, ಏನಾದರೂ ಕೇಳಿಸಿತೋ ಎಂದು ಕೇಳಿದಳು. ಏನಿಲ್ಲ ಅತ್ತೆ ಅಂದಳು ಕದಿರಮ್ಮ. ಮುದುಕಿ ಇನ್ನೊಂದು ಹಣ್ಣು ಕಲ್ಲಿನ ಮೇಲಿಟ್ಟು ಕುಟ್ಟಿದಳು. "ಏನಿಲ್ದಿದ್ರೆ ಒಳ್ಳೇದು" ಅಂದಳು. ಹುಳ ಎದ್ದವೇ ಎಂದು ಕೇಳಿದಳು. ಎದ್ದವೆ, ಚೆನ್ನಾಗಿ ಮೇಯ್ತಾವೆ ಅಂದಾಗ, ಇನ್ನು ಏಳು ದಿನ, ಏಳು ದಿನ ಯಾರ ಕಣ್ಣೂ ಬೀಳದಿದ್ದರೆ ಹಣ್ಣಾಗ್ತವೆ, ಗೂಡು ಕಟ್ತವೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಕದಿರಮ್ಮ ಅತ್ತೆಯ ಎದುರಿಗೆ ಕೂತು ಒಂದು ಹಿಡಿ ಹುಣಸೆ ತೆಗೆದುಕೊಂಡಳು. ಕೈಗೆ ಕೆಲಸವಿದ್ದರೆ ಮುಖವನ್ನು ಯಾರೂ ನೋಡುವುದಿಲ್ಲ. ಅವ್ವ ಹುಣಸೆ ಕುಟ್ಟುವಾಗ ಬೀಜಗಳನ್ನು ಬೇರೆ ಇಡುತ್ತಿದ್ದಳು, ಹುರಿದು ಕೊಡುತ್ತಿದ್ದಳು, ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಇದು ನೆನಪಾದಾಗ ಅಳು ಬರುತ್ತದೇನೋ ಎಂದು ಅವಳು ಕಾದಳು, ಬಾಗಿಲ ಹೊರಗೆ ನಿಂತವರಿಗೆ ಒಳಗಿನಿಂದ ಕಾಯುವ ಹಾಗೆ. ಬರಲಿಲ್ಲ. ಉಸಿರು ಮಾತ್ರ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಅವಳು ಅದನ್ನು ಎಣಿಸುತ್ತಿದ್ದಳು, ಎಣಿಸು ಎಂದು ಯಾರೂ ಹೇಳಿರಲಿಲ್ಲ.

ಗಂಡ ಮುನಿಕೃಷ್ಣಪ್ಪ ತೋಟದಿಂದ ಎರಡನೇ ಹೊರೆ ಸೊಪ್ಪು ತಂದು ಹಾಕಿ, ಉಣ್ಣಲು ಕೂತ. ಮುದ್ದೆ ಮುರಿಯುತ್ತ ಹೊಸೂರಿನ ಸುದ್ದಿ ಹೇಳಿದ. ಈ ಸಲ ಗೂಡು ಎಷ್ಟಿದ್ದರೂ ಸಾಲದಂತೆ, ಎಲ್ಲ ಗಾಳಿಕೊಡೆಗೆ ಹೋಗುತ್ತದಂತೆ, ಸಿಪಾಯಿಗಳು ಆಕಾಶದಿಂದ ಕೊಡೆ ಬಿಚ್ಚಿಕೊಂಡು ಇಳಿಯುತ್ತಾರಂತೆ, ನಮ್ಮ ನೂಲೇ ಅವರನ್ನು ಹಿಡಿದುಕೊಂಡಿರುತ್ತದಂತೆ. ನಮ್ ಹುಳ ಯಾವನ್ನೋ ಬದುಕಿಸ್ತದೆ ಕಣೆ ಎಂದು ನಕ್ಕ. ಅವಳೂ ನಕ್ಕಳು. ಬೆಳಿಗ್ಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದ, ದಾರಿಯಲ್ಲಿ ದೂರದಿಂದ ದಾಸಪ್ಪನ ಹಾಗೆ ಕಂಡನಂತೆ ಯಾರೋ. ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಬಂದಾಗ ಹೇಳಿಬಿಡುತ್ತೇನೆ ಎಂದುಕೊಂಡಿದ್ದಳು. ಬಾಯಿ ತೆರೆದಳು. ಯಾರೂ ಬಂದಿಲ್ಲ ಅಂದಳು. ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅತ್ತೆ ಒಳಗೆ ಮಡಕೆ ಸರಿಸುತ್ತಲೇ ಇದ್ದಳು.

ಆಮೇಲೆ ಬಸ್ಸಿನ ಸದ್ದು ಕೇಳಿಸಿತು. ಹೊಸೂರಿನಿಂದ ರಾಯಕೋಟೆಗೆ ಹೋಗುವ ಬಸ್ಸು, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವಂಥದ್ದು. ಊರಿನ ಮುಂದಿನ ದಿಣ್ಣೆ ಹತ್ತಲಾರದೆ ದಿನವೂ ಅಲ್ಲಿ ನಿಲ್ಲುತ್ತದೆ. ಡ್ರೈವರು ಇಳಿದು ಹಿಂದಿನ ಡ್ರಮ್ಮಿಗೆ ಇದ್ದಿಲು ಸುರಿದು, ಚಕ್ರ ತಿರುಗಿಸಿ ಗಾಳಿ ಹಾಕಿ, ಕೆಂಡ ಏಳುವವರೆಗೆ ಜನ ಇಳಿದು ಹುಣಸೆಮರದ ಕೆಳಗೆ ನಿಂತಿರುತ್ತಾರೆ. ಕಾಲು ಗಂಟೆ. ಕೆಲವು ಸಲ ಅರ್ಧ ಗಂಟೆ. ಕದಿರಮ್ಮ ಒದ್ದೆ ಮಾಡಿ ಎತ್ತಿದ ಗೋಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಳ್ಳಿಬೇಲಿಯವರೆಗೆ ಬಂದಳು. ಬೇಲಿಯ ಸಂದಿಯಿಂದ ಬಸ್ಸು ಕಾಣುತ್ತಿತ್ತು, ಆಗತಾನೇ ಮೊಟ್ಟೆಯೊಡೆದ ಚಾಕಿಹುಳದಷ್ಟು ಚಿಕ್ಕದಾಗಿ, ಕಪ್ಪಗೆ. ಇಲ್ಲಿಂದ ನಡೆದರೆ ಐನೂರು ಹೆಜ್ಜೆ. ಹೋಗಬಹುದು. ಯಾರಿಗೂ ಏನೂ ಹೇಳದೆ, ಗೋಣಿಯನ್ನು ಬೇಲಿಯ ಮೇಲೆ ಹಾಕಿ, ಹೋಗಿಬಿಡಬಹುದು. ಅಲ್ಲಿ ಅವ್ವನನ್ನು ಅಂಗಳದಲ್ಲಿ ಗೋಡೆಗೊರಗಿಸಿ ಕೂರಿಸಿರುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟಿರುತ್ತಾರೆ, ಜೋಲಿದ ಕಡೆಯ ಬಾಯಿ ಈಗ ನೆಟ್ಟಗಾಗಿರಬಹುದು. ಹಾಲಿನ ಬಟ್ಟಲು ಪಕ್ಕದಲ್ಲಿರುತ್ತದೆ, ನೊಣ ಬೀಳದ ಹಾಗೆ ಮುತ್ತುಗದ ಎಲೆ ಮುಚ್ಚಿರುತ್ತಾರೆ. ಕದಿರಿ ಬಂದ್ಲಾ, ಬಸ್ಸು ಬಂತಾ ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಿರುತ್ತಾರೆ. ಹೋದರೆ ಮೂರು ದಿನದ ಮೇಲೆ ಬರುವಾಗ ಇಲ್ಲಿ ಕೇಳುತ್ತಾರೆ. ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಒಳಗೆ ಯಾಕೆ ಹೋದೆ. ಹುಳ ಸತ್ತರೆ ಇವಳಿಂದ ಸತ್ತವು. ಸಾಯದಿದ್ದರೆ? ಸಾಯದಿದ್ದರೆ ಎಂಬುದನ್ನು ಅವಳು ಇನ್ನೂ ಯೋಚಿಸಿರಲಿಲ್ಲ, ಈಗಲೂ ಪೂರ್ತಿ ಯೋಚಿಸಲಿಲ್ಲ. ಒಂದು ಹೆಜ್ಜೆ ಇಟ್ಟಳು. ಗೋಣಿಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು, ತಣ್ಣಗೆ. ಅವಳು ಆ ತಂಪನ್ನು ನೋಡಿದಳು. ಉಸಿರನ್ನು ನೋಡಿದಳು. ಬರುವುದು ಬರಲಿ, ಹೋಗುವುದು ಹೋಗಲಿ. ಜನ ಬಸ್ಸು ಹತ್ತಿದರು. ದಿಣ್ಣೆಯ ಆಚೆ ಹೊಗೆ ಇಳಿಯುವವರೆಗೆ ಅವಳು ನಿಂತಿದ್ದಳು, ಆಮೇಲೆ ಹೋಗಿ ಗೋಣಿಯನ್ನು ಸೊಪ್ಪಿನ ಮೇಲೆ ಹೊದಿಸಿದಳು.

ಮಧ್ಯಾಹ್ನದ ಮೇವು ಹಾಕಿದಳು. ಸಂಜೆಯ ಮೇವಿಗೆ ಸೊಪ್ಪು ಬಿಡಿಸಿದಳು. ನಡುವೆ ಒಂದು ಸಲ ಅವ್ವನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು, ಪಾದ ಮಾತ್ರ ಬಂತು, ಒಡೆದ ಹಿಮ್ಮಡಿ, ಬಿರುಕಿನಲ್ಲಿ ಕೂತ ಕೆಂಪು ಮಣ್ಣು. ಬಿಸಿಲು ಹಳದಿಯಾಗಿ ಹುಳದ ಮನೆಯ ಬಾಗಿಲಿಗೆ ಬಿದ್ದಾಗ ಅವಳು ಎಂಟನೇ ತಟ್ಟೆಯ ಹತ್ತಿರ ಇದ್ದಳು. ಈಗ ಎತ್ತಿರುತ್ತಾರೆ ಅಂದುಕೊಂಡಳು. ಒಂಬತ್ತನೇ ತಟ್ಟೆಗೆ, ಈಗ ಇಳಿಸಿರುತ್ತಾರೆ. ಹತ್ತನೇ ತಟ್ಟೆಗೆ, ಮಣ್ಣು. ಹಿಡಿ ಹಿಡಿ ಸೊಪ್ಪು ಮೇಲಿಂದ ಬಿಡುತ್ತಿದ್ದ ತನ್ನ ಕೈಯನ್ನು ನೋಡಿ ಒಂದು ಗಳಿಗೆ ನಿಂತಳು. ಕೆಳಗೆ ಹುಳಗಳು ಎಲೆಯನ್ನು ತೂತು ಮಾಡಿಕೊಂಡು ಮೇಲೆ ಬರುತ್ತಿದ್ದವು. ಎದೆ ಸದ್ದಿಲ್ಲದೆ ಇತ್ತು. ನಂಜಪ್ಪ ಕೇಳಿದರೆ ಗುಣ ಆಗಿದೆ ಅನ್ನಬೇಕು.

ಮರುದಿನ ಹೊತ್ತು ಏರುವ ಮುಂಚೆ ತಮ್ಮ ಚಿನ್ನಸ್ವಾಮಿ ಬಂದ. ತಲೆ ಬೋಳಿಸಿತ್ತು, ಬೋಳು ತಲೆಯ ಮೇಲೆ ಟವೆಲು. ಬೇಲಿಯ ಹೊರಗೇ ನಿಂತ. ಅವನ ಹಿಂದೆ ಹತ್ತು ಮಾರು ದೂರದಲ್ಲಿ ದಾಸಪ್ಪ, ಕೋಲಿಗೆ ಗದ್ದ ಊರಿಕೊಂಡು. ಮುನಿಕೃಷ್ಣಪ್ಪ ಹೊರಗೆ ಬಂದವನು ಬೋಳುತಲೆ ನೋಡಿದ ಕೂಡಲೇ ಅಲ್ಲೇ ನಿಂತುಬಿಟ್ಟ. ಮುನಿಗಂಗಮ್ಮ ಗೋಡೆ ಹಿಡಿದುಕೊಂಡು ಬಂದಳು. ಕದಿರಮ್ಮ ಸೊಪ್ಪಿನ ಕೊಟ್ಟಿಗೆಯಿಂದ ಎದ್ದು ಬಂದು ಎಲ್ಲರ ಹಿಂದೆ ನಿಂತಳು. ನಿನ್ನೆ ಹೊತ್ತು ಮುಳುಗಿದ ಮೇಲೂ ಒಂದು ಗಳಿಗೆ ಕಾದೆವು, ಇನ್ನು ಆಗುವುದಿಲ್ಲವೆಂದು ಊರಿನವರು ಎತ್ತಿದರು ಎಂದು ಚಿನ್ನಸ್ವಾಮಿ ಭಾವನಿಗೆ ಹೇಳಿದ, ಅಕ್ಕನ ಕಡೆ ನೋಡದೆ. ಹಾಲನ್ನು ತಾನೇ ಬಿಟ್ಟನಂತೆ. ಆಮೇಲೆ ಅವಳ ಕಡೆ ತಿರುಗಿದ.

"ಯಾಕಕ್ಕ ಬರ್ಲಿಲ್ಲ?"

ಮುನಿಕೃಷ್ಣಪ್ಪನಿಗೆ ಏನೂ ಅರ್ಥವಾಗಲಿಲ್ಲ. ಯಾರು ಹೇಳಿದರು, ಯಾವಾಗ, ನಮಗೆ ಸುದ್ದಿಯೇ ಇಲ್ಲವಲ್ಲ ಎಂದು ಅವನು ಒಂದೇ ಸಮನೆ ಕೇಳಿದ. ದಾಸಪ್ಪ ದೂರದಿಂದಲೇ, ನಾನು ಯೋಳ್ದೆ ಅಣ್ಣ, ನಿನ್ನೆ ಬೆಳಿಗ್ಗೆ, ಹಿತ್ತಿಲ ಗೋಡೆ ತಾವ, ಅಮ್ಮಾವ್ರು ಕೂತಿದ್ರು, ಹೂಂ ಅಂದ್ರು ಅಂದ. ಕೂತಿದ್ದರು ಅಂದರೆ ಹೇಗೆ ಕೂತಿದ್ದರು ಎಂದು ಮುನಿಕೃಷ್ಣಪ್ಪ ಕೇಳಿದ. ಕಣ್ಣು ಮುಚ್ಕಂಡಿದ್ರು ಅಂದ ದಾಸಪ್ಪ, ಅಂದ ಮೇಲೆ ಅದನ್ನು ಅನ್ನಬಾರದಿತ್ತೇನೋ ಎಂಬಂತೆ ಕೋಲನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡ. ಮುನಿಕೃಷ್ಣಪ್ಪನಿಗೆ ಈಗ ಹಿಡಿದುಕೊಳ್ಳಲು ಏನೋ ಸಿಕ್ಕಿತು. "ಕಣ್ಣು ಮುಚ್ಚಿ ಕೂತೋರ್ಗೆ ಯೋಳಿ ಓಡೋಗ್ಬುಟ್ರೆ ಆಯ್ತೇನ್ಲಾ? ಸಾವಿನ ಸುದ್ದಿ ಕಣ್ಲಾ ಅದು. ಮೂರು ಕಿತ ಕೂಗಬೇಕು ಅಂತ ನಿಮ್ಮಪ್ಪ ಕಲಿಸ್ಲಿಲ್ವಾ?" ದಾಸಪ್ಪ, ಬಾಗಿಲಿಗೆ ಬೇವಿನ ಸೊಪ್ಪು ಇತ್ತಲ್ಲಣ್ಣ, ಕೂಗಿದ್ರೆ ಹುಳಕ್ಕೆ ಆಗಾಕಿಲ್ಲ ಅಂತ ಅಂದ. ನಿಂಗೆ ಹುಳದ ಚಿಂತೆ ಬೇರೆ ಎಂದು ಮುನಿಕೃಷ್ಣಪ್ಪ ಮತ್ತೂ ಏನೇನೋ ಅಂದ. ದಾಸಪ್ಪ ಕದಿರಮ್ಮನಿಗಿಂತ ಹದಿನೈದು ವರ್ಷವಾದರೂ ದೊಡ್ಡವನು; ಅವಳ ಮದುವೆಯ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದವನು.

ಆಗ ಮುನಿಗಂಗಮ್ಮ ಮಾತಾಡಿದಳು. ಅವಳು ಕೂತರೆ ಮೈಮೇಲೆ ಅರಿವಿರುವುದಿಲ್ಲ ಕಣಪ್ಪ ಎಂದು ಚಿನ್ನಸ್ವಾಮಿಗೆ ಹೇಳಿದಳು, ಮೆತ್ತಗೆ, ಹೊರಗಿನವರ ಎದುರು ಮನೆಯ ಹಿರಿಮೆ ಹೇಳುವ ದನಿಯಲ್ಲಿ. ಹೊಸೂರಿನ ದೊಡ್ಡ ಡಾಕ್ಟರೇ ಹೇಳಿಕೊಟ್ಟಿರುವುದು, ಪಕ್ಕದಲ್ಲಿ ತಮಟೆ ಬಡಿದರೂ ಗೊತ್ತಾಗುವುದಿಲ್ಲ, ಕೈಗೆ ಕೆಂಡ ಇಟ್ಟರೂ ಗೊತ್ತಾಗುವುದಿಲ್ಲ. ನಿದ್ದೆಯಲ್ಲಿ ಹೂಂ ಅನ್ನುವುದಿಲ್ಲವೇ, ಹಾಗೆ ಅಂದಿರುತ್ತಾಳೆ. ಚಿನ್ನಸ್ವಾಮಿಯ ಮುಖ ಸಡಿಲವಾಯಿತು. ಅವನಿಗೂ ಅದೇ ಬೇಕಾಗಿತ್ತು ಎಂದು ಕದಿರಮ್ಮನಿಗೆ ಕಂಡಿತು. ಊರಿಗೆ ಹೋಗಿ ಹೇಳಲು ಒಂದು ಮಾತು. ಅವನು ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡ. "ಹೌದೇನಕ್ಕ? ಕೇಳಿಸ್ಲಿಲ್ವಾ ನಿಂಗೆ?"

ಎಲ್ಲರೂ ಅವಳನ್ನು ನೋಡಿದರು. ದಾಸಪ್ಪನೂ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಕಾಯುವುದೊಂದೇ ಇತ್ತು. ನಿನ್ನೆ ಗೋಡೆಯ ಆಚೆ ನಿಂತಿದ್ದಾಗಲೂ ಅವನು ಹೀಗೇ ಕಾದಿರಬೇಕು. ಕೇಳಿಸಿತ್ತು ಎಂದು ಒಂದು ಮಾತು. ನಾಲಿಗೆಯ ಮೇಲೆ ಅದು ಬಂದು ಕೂತದ್ದು ಅವಳಿಗೆ ತಿಳಿಯಿತು, ಅದರ ತೂಕವೂ ತಿಳಿಯಿತು. ಅವಳು ಅದನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅದು ಹೋಯಿತು.

"ಇಲ್ಲ" ಅಂದಳು.

ದಾಸಪ್ಪ ಕಣ್ಣು ಕೆಳಗೆ ಹಾಕಿದ. "ನಾನೇ ಸರ್ಯಾಗಿ ಯೋಳ್ಲಿಲ್ವೇನೋ" ಅಂದ. ಸುದ್ದಿ ತಂದವನಿಗೆ ಕೊಡುವ ಮೊರದ ರಾಗಿಯನ್ನು ಯಾರೂ ತರಲಿಲ್ಲ, ಅವನೂ ಕೇಳಲಿಲ್ಲ. ಚಿನ್ನಸ್ವಾಮಿ ಹೊರಟಾಗ ಅವನ ಹಿಂದೆ ಅದೇ ಹತ್ತು ಮಾರು ಬಿಟ್ಟು ನಡೆದುಹೋದ.

ಈಗ ಕಿವಿಗೆ ಬಿದ್ದಂತಾಯಿತು. ಮುನಿಗಂಗಮ್ಮ ಸೊಸೆಯನ್ನು ನಿಂತಲ್ಲೇ ನಿಲ್ಲಿಸಿ ತಲೆಯ ಮೇಲೆ ಮೂರು ಬಿಂದಿಗೆ ತಣ್ಣೀರು ಹುಯ್ದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿಕೊಟ್ಟಳು, ಮೂರು ದಿನ. ಗಂಡ ಮೈ ತೊಳೆದುಕೊಂಡು ಹುಳಕ್ಕೆ ಮೇವು ಹಾಕಿದ. ಊರಿನ ಹೆಂಗಸರು ಬಂದು ದೂರದಲ್ಲಿ ಕೂತು ಅತ್ತು ಹೋದರು. ಅವಳೂ ಅವರ ಜೊತೆ ದನಿ ತೆಗೆದಳು, ದನಿ ಬಂತು, ನೀರು ಬರಲಿಲ್ಲ. ಹೋಗುವಾಗ ಅವರಲ್ಲೊಬ್ಬಳು, ನೀನು ಪುಣ್ಯವಂತೆ ಕಣಮ್ಮ, ನಮಗೆ ಕೂತರೆ ಬರೀ ಸಾಲದ್ದು ಸೀಮೆಯದ್ದು ನೆನಪಾಗುತ್ತದೆ, ನಮಗೂ ಕಲಿಸಿಕೊಡು ಅಂದಳು. ಮೂರನೇ ದಿನ ಬೆಳಿಗ್ಗೆ ಮುನಿಕೃಷ್ಣಪ್ಪ ಗೋಡೆಯ ಆಚೆಯಿಂದಲೇ ಹೇಳಿದ. ಹುಳ ಬೆರಳು ಗಾತ್ರ ಆಗಿವೆ, ಒಂದೂ ಕೆಟ್ಟಿಲ್ಲ, ಹನ್ನೆರಡು ತಟ್ಟೆಯಲ್ಲಿ ಒಂದೂ ಕೆಟ್ಟಿಲ್ಲ. ಅವಳು ಹೂಂ ಅಂದಳು. ಮುನಿವೆಂಕಟಪ್ಪ ತಟ್ಟೆ ಸುರಿಯುತ್ತಿದ್ದ ತಿಪ್ಪೆ ಇಲ್ಲಿಂದ ಕಾಣುತ್ತಿತ್ತು. ಅಲ್ಲಿ ಈಗ ಕೋಳಿಗಳು ಕೆದಕುತ್ತಿದ್ದವು. ಅವನು ಏನೂ ತಪ್ಪು ಮಾಡಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಈ ಊರಿನಲ್ಲಿ ಅದು ತನಗೊಬ್ಬಳಿಗೇ ಗೊತ್ತು, ತಾನು ಅದನ್ನು ಅವನಿಗೆ ಹೇಳುವಂತಿಲ್ಲ.

ಮಧ್ಯಾಹ್ನ ಅತ್ತೆ ಮುದ್ದೆ, ಸಾರು ತಂದಳು. ತಟ್ಟೆಯನ್ನು ನೆಲಕ್ಕಿಟ್ಟು ದೂರ ತಳ್ಳಿ, ಹಸುವಿನ ಆಚೆ ಕಂಬಕ್ಕೊರಗಿ ಕೂತಳು, ಉಂಡ ತಟ್ಟೆ ಹಿಂದಕ್ಕೆ ತೆಗೆದುಕೊಂಡು ಹೋಗಲು. ಕದಿರಮ್ಮ ತಟ್ಟೆ ಮುಟ್ಟಲಿಲ್ಲ.

"ನಂಗೆ ಕೇಳಿಸಿತ್ತು ಅತ್ತೆ."

ಹಸು ಬಾಲ ಬೀಸಿತು. ಮುದುಕಿ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡಳು, ಉಗುರಿನ ಸಂದಿಯಲ್ಲಿ ಹುಣಸೆಯ ಕಪ್ಪು ಇನ್ನೂ ಇತ್ತು. ಬಯ್ಯುತ್ತಾಳೆ ಎಂದು ಕದಿರಮ್ಮ ಕಾದಳು. ಬಯ್ಯಲಿ, ಕೂಗಲಿ, ಊರಿಗೆಲ್ಲ ಹೇಳಲಿ, ಹೋಗಿ ದಾಸಪ್ಪನನ್ನು ಕರೆಸಲಿ.

"ನಂಗೂ ಕೇಳಿಸಿತ್ತು ಕಣಮ್ಮೀ" ಅಂದಳು ಮುನಿಗಂಗಮ್ಮ. "ಮನೆ ಮಗ್ಗುಲಲ್ಲೇ ಹುಣಸೆ ಕುಟ್ತಾ ಕೂತಿದ್ನಲ್ಲ. ನೀನು ಎದ್ದು ಏನ್ ಮಾಡ್ತೀಯೋ ಅಂತ ನೋಡ್ತಿದ್ದೆ. ಬುಟ್ಟಿ ಎತ್ಕಂಡು ಒಳಗೆ ಹೋದೆ. ಹಸ್ಕಂಡು ಎದ್ದ ಹುಳಕ್ಕೆ ಮೊದ್ಲು ಮೇವು, ಸೂತಕ ಆಮೇಲೆ; ಸರಿ, ಇವ್ಳಿಗೆ ಬುದ್ಧಿ ಐತೆ ಅಂದ್ಕಂಡೆ."

ತಟ್ಟೆಯ ಕಡೆ ಗದ್ದ ತೋರಿಸಿದಳು. "ಇನ್ನು ನಾಕು ದಿನ. ಹುಳ ಹಣ್ಣಾಗ್ಲಿ. ಆಮೇಲೆ ಅಳೀವಂತೆ. ಉಣ್ಣು."

ಕದಿರಮ್ಮ ತಟ್ಟೆ ಎಳೆದುಕೊಂಡಳು. ಮುದ್ದೆ ಇನ್ನೂ ಬಿಸಿಯಾಗಿತ್ತು. ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದಳು. ಉಪ್ಪು ಸರಿಯಾಗಿತ್ತು, ಹುಳಿ ಸರಿಯಾಗಿತ್ತು, ಕಾರ ಮಾತ್ರ ಸ್ವಲ್ಪ ಮುಂದಿತ್ತು. ಅವಳು ಪೂರ್ತಿ ಉಂಡಳು.